ಬ್ಯಾಟರಿ ಉಳಿಸಲು ನನ್ನನ್ನು ಕೂರಿಸಿದರು

ಮೊದಲೇ ಹೇಳಿಬಿಡುತ್ತೇನೆ, ಇದು ಸಮಾಧಾನದ ಬರಹವಲ್ಲ. ಕಾಯಿಲೆಯಿಂದ ಎದ್ದು ಬಂದವರು ಬರೆದದ್ದನ್ನು ನಾನೂ ಓದಿದ್ದೇನೆ. ಅವರಿಗೆ ಕಾಯಿಲೆ ತಾಳ್ಮೆ ಕಲಿಸಿರುತ್ತದೆ, ಎಲ್ಲರನ್ನೂ ಕ್ಷಮಿಸುವ ಮನಸ್ಸು ಕೊಟ್ಟಿರುತ್ತದೆ. ನನಗೆ ಅದು ಕೊಟ್ಟದ್ದು ಬರೀ ಸಿಟ್ಟು. ಎದೆಯಲ್ಲಿ ಪೇಸ್‌ಮೇಕರ್ ಇಟ್ಟುಕೊಂಡು ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, 'ಇವರೆಲ್ಲ ಚೆನ್ನಾಗಿದೆ ಅನ್ನುತ್ತಿದ್ದಾರೆ, ನನಗೇ ಎಲ್ಲೋ ತಲೆ ಕೆಟ್ಟಿರಬೇಕು' ಎಂದುಕೊಳ್ಳುತ್ತಿರುವವರು ಯಾರಾದರೂ ಇದ್ದರೆ ಅವರಿಗಾಗಿ ಬರೆಯುತ್ತಿದ್ದೇನೆ. ನಿಮ್ಮ ತಲೆ ಸರಿಯಾಗಿಯೇ ಇದೆ.

ನನ್ನ ಹೆಸರು ರೇಣುಕಾ. ಸರ್ಕಾರಿ ಬಸ್ಸಿನ ಕಂಡಕ್ಟರ್. ಖಾನಾಪುರದಿಂದ ಬೆಳಗಾವಿ, ಬೆಳಗಾವಿಯಿಂದ ಖಾನಾಪುರ, ವರ್ಷಗಟ್ಟಲೆ ಅದೇ ರಸ್ತೆ. ಮಚ್ಛೆಯಲ್ಲಿ ಫ್ಯಾಕ್ಟರಿಗಳ ಪಾಳಿ ಬಿಟ್ಟ ಹೊತ್ತಿನಲ್ಲಿ ಬಸ್ಸು ಹತ್ತಿದ ಜನರನ್ನು ಒಳಗೆ ಸರಿಸಬೇಕಾದರೆ ಗಂಟಲು ಗಟ್ಟಿ ಇರಬೇಕು. ನನ್ನದು ಗಟ್ಟಿಯಿತ್ತು. ನನ್ನ ಗಂಡ ಮಾರುತಿ ಖಾನಾಪುರದ ಸ್ಟೇಷನ್ ರಸ್ತೆಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದಾರೆ. ಟ್ರ್ಯಾಕ್ಟರ್ ಬ್ಯಾಟರಿ, ಟಂಟಂ ಆಟೋ ಬ್ಯಾಟರಿ, ಮನೆಯ ಇನ್ವರ್ಟರ್ ಬ್ಯಾಟರಿ. ಮಾವನವರ ಕಾಲದವರೆಗೂ ಕುರಿ ಕಾಯುತ್ತಿದ್ದ ಮನೆತನ, ಈಗ ಅಂಗಡಿ ಮತ್ತು ನೌಕರಿ. ಮನೆಯಲ್ಲಿ ಮೂರನೆಯವರು ನನ್ನ ಅತ್ತೆ. ಅವರದು ಮರಾಠಿ. ನನ್ನ ಮೇಲೆ ಸಿಟ್ಟು ಬಂದಾಗ ಮಾತ್ರ, ನನಗೆ ಪೂರ್ತಿ ತಿಳಿಯಲಿ ಅಂತ ಕನ್ನಡ.

ಮೊದಲ ಸಲ ನಾನು ಬಿದ್ದದ್ದು ಬಸ್ಸಿನಲ್ಲಿಯೇ. ಮಚ್ಛೆ ಹತ್ತಿರ ಬಂದಿತ್ತು, ಒಬ್ಬ ಹೆಣ್ಣುಮಗಳಿಗೆ ಟಿಕೆಟ್ ಕೊಡುತ್ತಿದ್ದೆ. ಕಣ್ಣ ಮುಂದೆ ಕಪ್ಪಾಯಿತು. ಎಚ್ಚರವಾದಾಗ ಮುಖದ ಮೇಲೆ ನೀರು, ಸುತ್ತ ಫ್ಯಾಕ್ಟರಿಯ ಹುಡುಗರ ಗ್ರೀಸ್ ವಾಸನೆ. ನಮ್ಮ ಡ್ರೈವರ್ ಬಸ್ ನಿಲ್ದಾಣದ ಕಡೆ ಹೊರಳಿಸಲೇ ಇಲ್ಲ, ತುಂಬಿದ ಬಸ್ಸನ್ನು ಹಾಗೆಯೇ ಬೆಳಗಾವಿಯ ದೊಡ್ಡ ಆಸ್ಪತ್ರೆಯ ಗೇಟಿಗೆ ತಂದು ನಿಲ್ಲಿಸಿದ. ಅಷ್ಟು ಜನರಲ್ಲಿ ಒಬ್ಬರೂ ತಕರಾರು ಮಾಡಲಿಲ್ಲವಂತೆ. ಕ್ಯಾಂಪ್ ಸ್ಟಾಪಿನಲ್ಲಿ ಇಳಿಯಬೇಕಿದ್ದ ಮುದುಕಿಯೊಬ್ಬರು ನನ್ನ ಟಿಕೆಟ್ ಚೀಲ ಮಡಿಲಲ್ಲಿಟ್ಟುಕೊಂಡು ನಮ್ಮವರು ಬರುವ ತನಕ ಹೊರಗೆ ಕೂತಿದ್ದರು. ಅವರ ಹೆಸರನ್ನು ನನಗೆ ಕೇಳಲೂ ಆಗಲಿಲ್ಲ.

ಹೃದಯದ ಮೇಲಿನ ಭಾಗದಿಂದ ಕೆಳಗಿನ ಭಾಗಕ್ಕೆ ಹೋಗುವ ಸಂದೇಶ ನಡುವೆಯೇ ಕಡಿದುಹೋಗಿದೆ ಎಂದರು ಡಾಕ್ಟರು. ಎಡ ಭುಜದ ಮೂಳೆಯ ಕೆಳಗೆ ಚರ್ಮ ಕೊಯ್ದು, ಎಲೆಯಡಿಕೆಯ ಸುಣ್ಣದ ಡಬ್ಬಿಯಷ್ಟು ದೊಡ್ಡ ಯಂತ್ರ ಕೂರಿಸಿದರು. ಅದರಿಂದ ಎರಡು ತಂತಿ ಹೃದಯದೊಳಗೆ. ಇನ್ನು ಮೇಲೆ ಪ್ರತಿ ಬಡಿತಕ್ಕೂ ಆ ಡಬ್ಬಿಯೇ ದಿಕ್ಕು. ನಮ್ಮ ಸೀಮೆಯಲ್ಲಿ ಕೆಲವರ ಮೈಯಲ್ಲಿ ದೇವರು ಬರುತ್ತದೆ, ನನ್ನ ಮೈಯಲ್ಲಿ ಕಂಪನಿ ಬಂದು ಕೂತಿತು. ಹೊಲಿಗೆ ಬಿಚ್ಚುವ ದಿನ ನಮ್ಮವರು ವ್ಯಾಪಾರದ ಮನುಷ್ಯನಂತೆಯೇ ಕೇಳಿದರು.

"ವಾರಂಟಿ ಎಷ್ಟ ವರ್ಷರೀ ಸಾಹೇಬ್ರ?"

"ಹತ್ತ ವರ್ಷ ಆರಾಮ ನಡೀತೈತಿ. ಮೂರ ತಿಂಗಳಾದ ಮ್ಯಾಲ ಒಮ್ಮೆ ಬಂದ ತೋರಿಸಿ ಹೋಗ್ರಿ, ಆಮ್ಯಾಲ ವರ್ಷಾ ವರ್ಷಾ ಬರ್ರಿ," ಎಂದರು ಡಾಕ್ಟರು.

ಮೂರು ತಿಂಗಳಿಗೆ ಹೋದೆ. ಡಬ್ಬಿಯೊಳಗೆ ಏನು ನಡೆದಿದೆ ಎಂದು ನೋಡಲು ಬೇರೆಯೇ ಒಂದು ಮಷಿನ್ ಬೇಕು. ಆ ಮಷಿನ್ ಆಸ್ಪತ್ರೆಯದಲ್ಲ, ಕಂಪನಿಯದು. ಒಂದು ಕಂಪನಿಯ ಮಷಿನ್ ಇನ್ನೊಂದು ಕಂಪನಿಯ ಡಬ್ಬಿಯನ್ನು ಓದುವುದಿಲ್ಲ. ನಮ್ಮ ಕಂಪನಿಯ ಮನುಷ್ಯ ಹುಬ್ಬಳ್ಳಿಯಲ್ಲಿ. ಅವನು ಅಂದು ಬಂದಿರಲಿಲ್ಲ. "ಇಸಿಜಿ ತಗಸ್ರಿ," ಎಂದರು. ತೆಗೆಸಿದೆ. "ಛಲೋ ಐತಿ, ಹೋಗ್ರಿ," ಎಂದರು. ಹೋದೆ. ಮರುವರ್ಷವೂ ಇದೇ ಆಯಿತು, ಅದರ ಮರುವರ್ಷವೂ. ನಡುವೆ ಕೊರೊನಾ ಬಂದು ಒಂದು ವರ್ಷ ಯಾರೂ ಯಾರನ್ನೂ ನೋಡಲಿಲ್ಲ. ಇಸಿಜಿ ನೋಡುವುದು ಬೇರೆ, ಮಷಿನ್ ಇಟ್ಟು ನೋಡುವುದು ಬೇರೆ ಎಂದು ನನಗೆ ಯಾರೂ ಹೇಳಲಿಲ್ಲ. ಕಾಗದದ ಮೇಲೆ ಗೆರೆ ಬರುತ್ತಿತ್ತು, ಡಾಕ್ಟರು ತಲೆಯಾಡಿಸುತ್ತಿದ್ದರು, ನಾನು ಮಧ್ಯಾಹ್ನದ ಡ್ಯೂಟಿ ಹಿಡಿಯಲು ಓಡುತ್ತಿದ್ದೆ.

ಆರನೆಯ ವರ್ಷದ ಬೇಸಿಗೆಯಲ್ಲಿ ನನ್ನ ದನಿ ಹೋಯಿತು. ನೆಗಡಿಯಿಂದಲ್ಲ. ಕೂಗಲು ಉಸಿರೇ ಸಾಲುತ್ತಿರಲಿಲ್ಲ. "ಅಕ್ಕಾ, ಜರಾ ಜೋರ ಹೇಳ್ರಿ, ಕೇಳವಲ್ದು," ಎಂದು ಹಿಂದಿನ ಸೀಟಿನಿಂದ ಹುಡುಗರು ನಗುತ್ತಿದ್ದರು. ಬಸ್ಸಿನ ಮೆಟ್ಟಿಲು ಹತ್ತಿದರೆ ಕತ್ತಿನ ನರಗಳು ಟಕ್ ಟಕ್ ಎಂದು ಹಾರುತ್ತಿದ್ದವು, ಮೇಲಿನ ಕಂಬಿ ಹಿಡಿಯಲು ಕೈ ಎತ್ತಿದರೆ ತಲೆ ತಿರುಗುತ್ತಿತ್ತು. ಮನೆಯಲ್ಲಿ ಕೊಡ ನೀರು ಎತ್ತಿ ಒಳಗೆ ತರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲಬೇಕಾಗುತ್ತಿತ್ತು.

ಖಾನಾಪುರದ ಡಾಕ್ಟರು ರಕ್ತ ಕಡಿಮೆ ಎಂದು ಟಾನಿಕ್ ಬರೆದರು. ಟಾನಿಕ್ ಮುಗಿಯಿತು, ದಮ್ಮು ಮುಗಿಯಲಿಲ್ಲ. ಬೆಳಗಾವಿಗೆ ಹೋದೆ. ಹಾರ್ಟಿನ ವಿಭಾಗದ ಹಾಲ್‌ನಲ್ಲಿ ಅರ್ಧ ದಿನ ಕಾದ ಮೇಲೆ ಒಬ್ಬ ಸಣ್ಣ ವಯಸ್ಸಿನ ಡಾಕ್ಟರ ಮುಂದೆ ಕೂರಿಸಿದರು. ಇಸಿಜಿ ಕಾಗದವನ್ನು ಎತ್ತಿ ನೋಡಿದ.

"ಪೇಸ್‌ಮೇಕರ್ ಬರೋಬ್ಬರಿ ಹೊಡ್ಯಾಕತ್ತೈತಲ್ರೀ."

"ಹೊಡ್ಯಾಕತ್ತೈತಿ ಖರೇ. ನನಗ ದಮ್ಮ ಯಾಕ ಹತ್ತತೈತಿ?"

"ವಯಸ್ಸ ಎಷ್ಟ ನಿಮ್ದು? ಮುಟ್ಟ ನಿಲ್ಲೂ ಟೈಮ್ ಐತಿ. ಮನಸಿನ್ಯಾಗ ಟೆನ್ಷನ್ ಇಟ್ಕೋಬ್ಯಾಡ್ರಿ."

"ಬ್ಯಾಟರಿ ಹೋಗಿರಬಹುದೇನ್ರೀ?"

"ಹತ್ತ ವರ್ಷದ ಬ್ಯಾಟರಿ, ಈಗ ಆರ ಆಗ್ಯಾವ. ಅದೆಲ್ಲಾ ಏನಿಲ್ಲ. ಮಷಿನ್ನಿನವ್ರು ಬಂದ್ರ ಫೋನ್ ಮಾಡ್ತೀವಿ."

ಫೋನು ಬರಲಿಲ್ಲ. ನಾನೇ ಮಾಡಿದರೆ ಎತ್ತಿದವರು ಇನ್ನೊಬ್ಬರಿಗೆ ಕೊಟ್ಟರು, ಅವರು ಮತ್ತೊಬ್ಬರಿಗೆ. ಟೆನ್ಷನ್ ಇಟ್ಟುಕೊಳ್ಳಬೇಡಿ ಎಂದವರೇ ಕೈಹಿಡಿದು ಟೆನ್ಷನ್ ಕೊಟ್ಟು ಕಳಿಸಿದರು.

ಇನ್ನು ನಮ್ಮವರ ಕಥೆ. ಅವರ ಅಂಗಡಿಗೆ ಯಾರಾದರೂ 'ಬ್ಯಾಟರಿ ಬೇಗ ಹೋಯಿತು' ಎಂದು ಹೊತ್ತು ತಂದರೆ ಅವರ ಬಾಯಿಂದ ಬರುವ ಮೊದಲ ಮಾತು ಒಂದೇ: "ನೀವ ಸರಿಯಾಗಿ ವಾಪರಿಸಿಲ್ಲ." ನೀರು ಹಾಕಿಲ್ಲ, ಲೋಡ್ ಜಾಸ್ತಿ ಹಾಕಿದ್ದೀರಿ, ಟಿವಿ ಜೊತೆ ಮಿಕ್ಸರ್ ಹಚ್ಚಿದ್ದೀರಿ. ಬ್ಯಾಟರಿ ಮಾರುವವರೆಲ್ಲರ ಧರ್ಮವೇ ಅದು, ಅವರೊಬ್ಬರದಲ್ಲ. ಬೆಳಗಾವಿಯಿಂದ ನಾನು ಬಂದ ದಿನ ಆಸ್ಪತ್ರೆಯ ಮಾತನ್ನೆಲ್ಲ ಕೇಳಿಸಿಕೊಂಡು, ಅದೇ ಮಾತನ್ನು ನನಗೂ ಹೇಳಿದರು.

"ದಿನಾ ನಿಂತ ಡ್ಯೂಟಿ ಮಾಡ್ತಿ. ಬಸ್ಸಿನ್ಯಾಗ ಒದರತಿ. ಮನಿಗೆ ಬಂದ ಮತ್ತ ಕೆಲಸ. ಲೋಡ್ ಜಾಸ್ತಿ ಆಗೇತಿ ರೇಣುಕಾ. ಲೋಡ್ ಕಡಿಮಿ ಮಾಡಿದ್ರ ಬ್ಯಾಕಪ್ ಜಾಸ್ತಿ ಬರತೈತಿ. ಹತ್ತ ವರ್ಷದ್ದ ಐತಿ, ಉಳಿಸಿದ್ರ ಉಳೀತೈತಿ."

"ನಾ ಇನ್ವರ್ಟರ್ ಅಲ್ರೀ," ಎಂದೆ.

"ಬ್ಯಾಟರಿ ಅಂದ್ರ ಬ್ಯಾಟರಿನ. ಎದಿಯಾಗಿದ್ರೇನು, ಗೋಡಿ ಮ್ಯಾಲಿದ್ರೇನು?"

ಮರುದಿನದಿಂದ ನನ್ನ ಮೇಲಿನ ಲೋಡ್ ಇಳಿಸುವ ಕೆಲಸ ಶುರುವಾಯಿತು. ದೀರ್ಘ ರಜೆ ಹಾಕಿಸಿದರು. ನೀರಿನ ಕೊಡ ಅತ್ತೆಯ ಸೊಂಟ ಏರಿತು. ಮಾಳಿಗೆಯ ಮೆಟ್ಟಿಲಿಗೆ ಅಡ್ಡಲಾಗಿ ಒಂದು ಹಳೆಯ ಟ್ರ್ಯಾಕ್ಟರ್ ಬ್ಯಾಟರಿ ತಂದಿಟ್ಟರು, ನಾನು ಹತ್ತಬಾರದು ಅಂತ. ಜೋಳದ ಭಕ್ರಿ ಬಡಿಯುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. ಪಕ್ಕದ ಓಣಿಯಲ್ಲಿ ವೆಲ್ಡಿಂಗ್ ಅಂಗಡಿಯಿದೆ, ಅದರ ಕರೆಂಟು ಡಬ್ಬಿಗೆ ತಾಗಬಾರದಂತೆ, ಆ ಕಡೆ ಮುಖ ಹಾಕುವಂತಿಲ್ಲ. ಟಿವಿಯಲ್ಲಿ ಅಳುವ ಧಾರಾವಾಹಿ ನೋಡುವಂತಿಲ್ಲ, ಎದೆ ಬಡಿತ ಏರುತ್ತದೆ. ಕೊನೆಗೆ ನನ್ನ ಸಿಟ್ಟಿಗೂ ರೇಷನ್ ಬಂತು.

"ಸಿಟ್ಟ ಮಾಡ್ಕೋಬ್ಯಾಡ. ಸಿಟ್ಟಿಗೆ ಎದಿ ಜೋರ ಹೊಡ್ಕೋತೈತಿ, ಸುಮ್ಮ ಬ್ಯಾಟರಿ ಖರ್ಚು," ಎಂದರು ಒಂದು ದಿನ.

ಓದುವವರಿಗೆ ನಗು ಬಂದರೆ ನಗಿರಿ, ನಾನು ಅಡ್ಡಿ ಮಾಡುವುದಿಲ್ಲ. ಅಂದು ನಾನು ಕೈಯಲ್ಲಿದ್ದ ಚಹಾದ ಕಪ್ಪನ್ನು ಗೋಡೆಗೆ ಎಸೆದೆ. ನಮ್ಮವರು ಬಗ್ಗಿ ಚೂರು ಆರಿಸಿದರು. ಅತ್ತೆ ನನ್ನ ಭುಜ ಹಿಡಿದು ಕೆಳಗೆ ಒತ್ತಿ, "ಬಸ್ ಗ, ಉಠೂ ನಕೋಸ್," ಎಂದರು. ಕೂತ್ಕೋ, ಏಳಬೇಡ ಅಂತ. ಆ ಎರಡು ತಿಂಗಳಲ್ಲಿ ನಾನು ಅತ್ಯಂತ ಹೆಚ್ಚು ಕೇಳಿದ ಮಾತು ಅದು. ಅವರು ಪ್ರೀತಿಯಿಂದಲೇ ಹೇಳುತ್ತಿದ್ದರು, ಅದೇ ನನಗೆ ಸಹಿಸಲಾಗುತ್ತಿರಲಿಲ್ಲ. ವೈರಿಗಳಾದರೆ ಬಯ್ಯಬಹುದಿತ್ತು. ಸೊಂಟ ನೋವಿನ ಮುದುಕಿ ನನ್ನ ಪಾಲಿನ ನೀರು ಹೊರುತ್ತಿದ್ದರೆ ಏನೆಂದು ಬಯ್ಯಲಿ?

ಕೂತಷ್ಟೂ ನಾನು ಕುಗ್ಗಿದೆ. ಕಾಲು ಬಾತವು. ಬಚ್ಚಲಿಗೆ ಹೋಗಿ ಬಂದರೂ ಏದುಸಿರು. ನಮ್ಮವರಿಗೆ ಅದೂ ತಮ್ಮ ಲೆಕ್ಕವನ್ನೇ ಗಟ್ಟಿ ಮಾಡಿತು, ಬ್ಯಾಟರಿ ಇಳಿಯುತ್ತಿದೆ, ಇನ್ನಷ್ಟು ಉಳಿಸಬೇಕು. ಒಂದು ಸಂಜೆ ನನಗೆ ತಟ್ಟೆ ತಂದಿಟ್ಟು ಅಲ್ಲಿಯೇ ನೆಲಕ್ಕೆ ಕೂತರು.

"ಡೆಡ್ ಆದ ಬ್ಯಾಟರಿ ಮತ್ತ ಚಾರ್ಜ್ ಹಿಡಿಯಂಗಿಲ್ಲ ರೇಣುಕಾ. ನಾ ದಿನಾ ನೋಡ್ತೀನಿ," ಎಂದರು.

ಆಗ ನನಗೆ ತಿಳಿಯಿತು, ಈ ಮನುಷ್ಯ ಹೆದರಿ ಹೋಗಿದ್ದಾರೆ. ನನಗೂ ಹೆದರಿಕೆಯಿತ್ತು. ಡಬ್ಬಿ ನಿಂತರೆ ನಾನು ನಿಲ್ಲುತ್ತೇನೆ, ಇದರಲ್ಲಿ ಒಗಟೇನಿಲ್ಲ. ಆದರೆ ಹೆದರಿದವರು ಇಬ್ಬರೂ ಒಂದೇ ಕಡೆ ನೋಡುತ್ತಿರಲಿಲ್ಲ. ಅವರು ನನ್ನನ್ನು ಕಾಯುತ್ತಿದ್ದರು, ನನ್ನ ಮಾತನ್ನು ಕೇಳುತ್ತಿರಲಿಲ್ಲ.

ಕೊರೊನಾ ಕಾಲದಲ್ಲಿ ಎಲ್ಲರಂತೆ ನಾವೂ ಬೆರಳಿಗೆ ಹಾಕುವ ಆಕ್ಸಿಮೀಟರ್ ತಂದಿದ್ದೆವು. ಊದುಬತ್ತಿ, ಕರ್ಪೂರದ ಜೊತೆ ದೇವರ ಕಪಾಟಿನಲ್ಲಿ ಬಿದ್ದಿತ್ತು. ಒಂದು ಮಧ್ಯಾಹ್ನ ಮಾಡಲು ಕೆಲಸವಿಲ್ಲದೆ ಅದನ್ನು ತೆಗೆದು ಬೆರಳಿಗೆ ಸಿಕ್ಕಿಸಿದೆ. ಕೆಂಪು ಬೆಳಕು ಉಗುರಿನ ಮೂಲಕ ಹಾದು ಹೊಳೆಯಿತು. ನಾಡಿ ಅರವತ್ತೈದು ಎಂದು ತೋರಿಸಿತು. ಎದ್ದು ಅಂಗಳದ ತನಕ ನಡೆದು ಬಂದೆ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು, ಅಂಕಿ ಅರವತ್ತೈದು. ಬೆರಳು ಬದಲಿಸಿದೆ. ಅರವತ್ತೈದು.

ಅತ್ತೆ ಗಿರಣಿಗೆ ಹಿಟ್ಟು ಬೀಸಿಸಲು ಹೋಗುವ ತನಕ ಕಾದೆ. ಅಡ್ಡ ಇಟ್ಟಿದ್ದ ಟ್ರ್ಯಾಕ್ಟರ್ ಬ್ಯಾಟರಿಯನ್ನು ದಾಟಿ, ಸೆರಗು ಸಿಕ್ಕಿಸಿ, ಮಾಳಿಗೆಯ ಮೆಟ್ಟಿಲು ಹತ್ತಿದೆ. ಮೇಲೆ ಹೋಗಿ ನಾಯಿಯಂತೆ ತೇಕುತ್ತ ಕೂತೆ. ಕಣ್ಣು ಕತ್ತಲೆ, ಬಾಯಿ ಒಣಗಿತ್ತು. ಬೆರಳಿನಲ್ಲಿ ಕೆಂಪು ಬೆಳಕು ಅದೇ ಅರವತ್ತೈದನ್ನು ತೋರಿಸುತ್ತಿತ್ತು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮೊದಲು ಹೀಗಿರಲಿಲ್ಲ. ಕೊರೊನಾ ವರ್ಷ ಇದೇ ಆಕ್ಸಿಮೀಟರ್ ಹಾಕಿಕೊಂಡು ಮನೆಯೆಲ್ಲ ತಿರುಗುತ್ತಿದ್ದೆ, ನಡೆದರೆ ಅಂಕಿ ಏರುತ್ತಿತ್ತು, ಕೂತರೆ ಇಳಿಯುತ್ತಿತ್ತು. ಏರು ಬಂದಾಗ ಡ್ರೈವರ್ ಗೇರ್ ಬದಲಿಸದಿದ್ದರೆ ಬಸ್ಸು ಹೇಗೆ ನರಳುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನನ್ನ ಡಬ್ಬಿ ಒಂದೇ ಗೇರಿನಲ್ಲಿ ಸಿಕ್ಕಿಕೊಂಡಿತ್ತು. ಮುಟ್ಟು ನಿಲ್ಲುವ ಕಾಲವಂತೆ! ಮೆಟ್ಟಿಲ ಮೇಲೆ ಕೂತು, ಉಸಿರಿಲ್ಲದಿದ್ದರೂ, ಆ ಡಾಕ್ಟರನ್ನು ಮನಸ್ಸು ತುಂಬ ಬಯ್ದೆ.

ಸಂಜೆ ನಮ್ಮವರು ಬಂದಾಗ ಆಕ್ಸಿಮೀಟರನ್ನು ಅವರ ಬೆರಳಿಗೆ ಹಾಕಿ, "ಮಾಳಿಗಿ ಹತ್ತಿ ಇಳದ ಬರ್ರಿ," ಎಂದೆ. ಗೊಣಗುತ್ತ ಹೋಗಿ ಬಂದರು. ನೂರು ದಾಟಿತ್ತು. ಆಮೇಲೆ ನನ್ನ ಬೆರಳಿಗೆ ಹಾಕಿಕೊಂಡು ಅಡುಗೆಮನೆಯಿಂದ ಅಂಗಳಕ್ಕೆ ನಾಲ್ಕು ಸುತ್ತು ಹೊಡೆದೆ. "ಬ್ಯಾಡ, ಬ್ಯಾಡ," ಎನ್ನುತ್ತಲೇ ಅವರು ನನ್ನ ಹಿಂದೆ ಬಂದರು. ಗೋಡೆಗೆ ಒರಗಿ ಬೆರಳು ಚಾಚಿದೆ. ಅವರು ಕನ್ನಡಕ ಏರಿಸಿ ನೋಡಿದರು. ಆಕ್ಸಿಮೀಟರ್ ತೆಗೆದು ಅತ್ತೆಯ ಬೆರಳಿಗೆ ಹಾಕಿ ನೋಡಿದರು, ಮತ್ತೆ ತಮ್ಮ ಬೆರಳಿಗೆ, ಮತ್ತೆ ನನ್ನದಕ್ಕೆ. ಎರಡು ತಿಂಗಳು ನಾನು ಬಾಯಿ ಬಿಟ್ಟು ಹೇಳಿದ್ದನ್ನು ನಂಬದ ಮನುಷ್ಯ ಮೀಟರನ್ನು ನಂಬಿದರು.

"ಇದೇನೋ ಬ್ಯಾರೆನ ಐತಿ. ನಾಳಿ ಅಂಗಡಿ ತಗಿಯಂಗಿಲ್ಲ. ಹೋಗೂಣು," ಎಂದರು.

ಮರುದಿನ ಮತ್ತೆ ಅದೇ ಹಾಲ್, ಅದೇ ಕುರ್ಚಿ, ಅದೇ ಸಣ್ಣ ಡಾಕ್ಟರು. ಆಕ್ಸಿಮೀಟರ್ ತೋರಿಸಿದೆ. ಅವನು ಕೈಗೆ ತೆಗೆದುಕೊಳ್ಳಲೂ ಇಲ್ಲ.

"ಅಯ್ಯ, ಇದ ಮನಿಯಾಗಿನ ಮಷಿನ್ನರೀ. ಇದನ್ನ ನಂಬಿ ನಾವ ಟ್ರೀಟ್ಮೆಂಟ್ ಮಾಡಾಕ ಆಗತೈತೇನು? ಇಸಿಜಿ ತಗಸ್ರಿ."

ಎಲ್ಲಿ ಉಳಿದಿತ್ತೋ ಗೊತ್ತಿಲ್ಲ, ನನ್ನ ಹಳೆಯ ಗಂಟಲು ಬಂತು.

"ಇಸಿಜಿ ತಗಸೂದಿಲ್ಲ! ಆರ ವರ್ಷ ಆತು ಇಸಿಜಿ ತಗಿಸೇ ತಗಸಾಕತ್ತೀನಿ. ಕೂತ್ರೂ ಅರವತ್ತೈದು, ಓಡಿದ್ರೂ ಅರವತ್ತೈದು. ಯಾ ಮನಷ್ಯಾಂದ ಎದಿ ಹಂಗ ಹೊಡ್ಕೋತೈತಿ ಹೇಳ್ರಿ ನನಗ!"

ಹೊರಗೆ ಕಾಯುತ್ತಿದ್ದವರು ಬಾಗಿಲಿಗೆ ಬಂದು ಇಣುಕಿದರು. ನಮ್ಮವರು ನನ್ನ ತೋಳು ಹಿಡಿದವರು ಬಿಟ್ಟರು. ಗದ್ದಲ ಕೇಳಿ ಒಳಗಿನ ಕೋಣೆಯಿಂದ ದೊಡ್ಡ ಡಾಕ್ಟರು ಬಂದರು, ಆರು ವರ್ಷದ ಹಿಂದೆ ಡಬ್ಬಿ ಹಾಕಿದವರೇ. ನನ್ನನ್ನು ಮಲಗಿಸಿ ಇಸಿಜಿ ತಂತಿ ಹಚ್ಚಿದರು. ಮೇಜಿನ ಡ್ರಾಯರ್ ಎಳೆದು, ದಪ್ಪ ಬಳೆಯಂಥ ಒಂದು ಅಯಸ್ಕಾಂತ ತೆಗೆದು ನನ್ನ ಎದೆಯ ಡಬ್ಬಿಯ ಮೇಲೆ ಇಟ್ಟರು. ಬ್ಯಾಟರಿ ಚೆನ್ನಾಗಿದ್ದರೆ ಅದನ್ನು ಇಟ್ಟ ಕೂಡಲೇ ನನ್ನದರಂಥ ಡಬ್ಬಿಯ ಬಡಿತ ಜೋರಾಗುತ್ತದಂತೆ. ನನ್ನದು ಕದಲಲಿಲ್ಲ. ದೊಡ್ಡ ಡಾಕ್ಟರು ಗೆರೆಗಳ ಮೇಲೆ ಬೆರಳಾಡಿಸಿ ಎಣಿಸಿದರು. ಆಮೇಲೆ ಸಣ್ಣವನ ಕಡೆ ತಿರುಗಿ ಮೆಲ್ಲಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಅವನ ಮುಖ ಬಿಳಿಚಿತು.

"ಅಡ್ಮಿಟ್ ಆಗ್ರಿ. ಬ್ಯಾಟರಿ ಕಡೀಗೆ ಬಂದೈತಿ. ಇವತ್ತ ಮನಿಗೆ ಹೋಗೂದು ಬ್ಯಾಡ," ಎಂದರು.

ನನಗೆ ಆಗ ಬ್ಯಾಟರಿಯ ಚಿಂತೆ ಬರಲಿಲ್ಲ. ನಾನು ಆ ಡ್ರಾಯರನ್ನೇ ನೋಡುತ್ತಿದ್ದೆ. ಹುಬ್ಬಳ್ಳಿಯ ಮಷಿನ್ ಬರಲಿಲ್ಲ, ಬರಲಿಲ್ಲ ಎಂದು ವರ್ಷಗಟ್ಟಲೆ ನನ್ನನ್ನು ತಿರುಗಿಸಿದರು. ಈ ಅಯಸ್ಕಾಂತ ಅದೇ ಕೋಣೆಯಲ್ಲಿ, ಅದೇ ಮೇಜಿನಲ್ಲಿ, ನಾನು ಕೂತ ಕುರ್ಚಿಯಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿತ್ತು. ಎರಡು ತಿಂಗಳ ಹಿಂದೆ ಟೆನ್ಷನ್ ಬೇಡ ಎಂದ ಹುಡುಗ ಡ್ರಾಯರ್ ಎಳೆದಿದ್ದರೆ ಸಾಕಿತ್ತು. ಇದನ್ನು ಬರೆಯುವಾಗಲೂ ಹಲ್ಲು ಕಡಿಯುತ್ತೇನೆ.

ಅಷ್ಟು ವರ್ಷ ಬಾರದ ಮಷಿನ್ನಿನ ಮನುಷ್ಯ ಮರುದಿನ ಬೆಳಿಗ್ಗೆಯೇ ಬಂದ. ಟೈ ಕಟ್ಟಿದ್ದ, ಮಾತಿಗೊಮ್ಮೆ ಮೇಡಂ. ಎದೆಯ ಮೇಲೆ ಒಂದು ತಟ್ಟೆಯಂಥದ್ದನ್ನು ಇಟ್ಟು ಪರದೆ ನೋಡಿದ. ಬ್ಯಾಟರಿ ಇಳಿದಾಗ ಡಬ್ಬಿ ತಾನೇ ಉಳಿತಾಯಕ್ಕೆ ಹೋಗುತ್ತದೆ, ಬೇರೆ ಕೆಲಸವನ್ನೆಲ್ಲ ಬಿಟ್ಟು ಅರವತ್ತೈದಕ್ಕೆ ಒಂದೇ ಸಮನೆ ಹೊಡೆಯುತ್ತದೆ ಎಂದ. ಡಬ್ಬಿಗೂ ನಮ್ಮವರ ಬುದ್ಧಿಯೇ ಬಂದಿತ್ತು ಅನ್ನಿ. ನಾನು ಕೇಳಿದೆ, "ಹತ್ತ ವರ್ಷದ್ದು ಆರಕ್ಕ ಯಾಕ ಹೋತು?"

ಅವನು ಡಾಕ್ಟರ ಮುಖ ನೋಡಿದ. ಡಾಕ್ಟರು ಕಿಟಕಿ ನೋಡಿದರು. ಬಿಡದೆ ಕೇಳಿದ ಮೇಲೆ ಹೊರಬಂತು. ಹೊಸದಾಗಿ ತಂತಿ ಹಾಕಿದಾಗ ಅದು ಹೃದಯದಲ್ಲಿ ಕೂರುವ ತನಕ ಇರಲಿ ಎಂದು ಕರೆಂಟನ್ನು ಹೆಚ್ಚು ಇಟ್ಟಿರುತ್ತಾರೆ. ಮೂರು ತಿಂಗಳಿಗೆ ಮಷಿನ್ ಇಟ್ಟು ಅದನ್ನು ಇಳಿಸಬೇಕು. ನನ್ನದನ್ನು ಯಾರೂ ಇಳಿಸಲಿಲ್ಲ. ಆರು ವರ್ಷ ಪ್ರತಿ ಬಡಿತಕ್ಕೂ ಬೇಕಾದ್ದಕ್ಕಿಂತ ದುಪ್ಪಟ್ಟು ಸುರಿದುಹೋಗಿತ್ತು.

"ಹಂಗಾರ ಆಕಿ ಬಸ್ಸಿನ್ಯಾಗ ಒದರಿದ್ದಕ್ಕ, ಕೆಲಸ ಮಾಡಿದ್ದಕ್ಕ ಹೋಗಿಲ್ಲೇನು?" ನಮ್ಮವರು ಕೇಳಿದರು. ಅವರ ದನಿ ಸಣ್ಣದಾಗಿತ್ತು.

"ಇಲ್ಲ ಸರ್. ಮೇಡಂ ಕುಂತ್ರೂ ನಿಂತ್ರೂ ಖರ್ಚ ಹೆಚ್ಚೂಕಡಿಮಿ ಅಷ್ಟ."

ನಮ್ಮವರು ಹಾಸಿಗೆಯ ಕಂಬಿಯನ್ನು ಹಿಡಿದುಕೊಂಡು ತಲೆ ತಗ್ಗಿಸಿದರು. ವಾತಾವರಣ ತಿಳಿ ಮಾಡಲೆಂದೋ ಏನೋ, ಟೈ ಕಟ್ಟಿದವನು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಹೊರದೇಶದಲ್ಲಿ ಪ್ರಯೋಗ ನಡೆದಿದೆಯಂತೆ, ಚರ್ಮದ ಕೆಳಗೆ ಉಗುರಿನಷ್ಟು ತೆಳ್ಳನೆಯ ಬಿಲ್ಲೆ ಇಡುತ್ತಾರೆ, ಹೊರಗಿನ ಬೆಳಕು ಚರ್ಮದ ಮೂಲಕ ಇಳಿದು ಅದಕ್ಕೆ ತಾಕಿದರೆ ಡಬ್ಬಿ ಚಾರ್ಜ್ ಆಗುತ್ತದೆ. "ಮುಂದ ಬ್ಯಾಟರಿ ಬದಲಿ ಮಾಡೂದ ಇರಂಗಿಲ್ಲ ಮೇಡಂ," ಎಂದ. ನಮ್ಮವರ ತಲೆ ಮೇಲೆದ್ದಿತು. "ಸೋಲಾರ್ ಇದ್ದಂಗ?" ಎಂದು ಮೊಬೈಲಿಗೆ ಬಗ್ಗಿದರು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ.

"ಬೆಳಕ ಆಮ್ಯಾಲ ಬರಲಿ ತಮ್ಮಾ," ಎಂದೆ. "ಹುಬ್ಬಳ್ಳಿಂದ ಬೆಳಗಾವಿಗೆ ಒಬ್ಬ ಮನಷ್ಯಾ ಮೊದಲ ಬರಲಿ."

ಆಪರೇಷನ್ ಎಚ್ಚರವಿದ್ದಾಗಲೇ ಮಾಡುತ್ತಾರೆ, ಆ ಜಾಗಕ್ಕಷ್ಟೇ ಜೋಮು ಹಿಡಿಸುತ್ತಾರೆ. ಮುಖದ ಮೇಲೆ ಹಸಿರು ಬಟ್ಟೆ. ಹಳೆಯ ಡಬ್ಬಿಯಿಂದ ತಂತಿ ಬಿಚ್ಚಿ ಹೊಸದಕ್ಕೆ ಸಿಕ್ಕಿಸುವ ನಡುವೆ ನನಗೆ ಸ್ವಂತ ಬಡಿತ ಇಲ್ಲ. ಅದಕ್ಕೆಂದು ತೊಡೆಯ ನರದಿಂದ ತಾತ್ಕಾಲಿಕ ತಂತಿ ಹಾಕಿದ್ದರು. ಆದರೂ ನನಗೆ ಗೊತ್ತಿತ್ತು, ಈಗ ಆ ತಂತಿ ಕೈಕೊಟ್ಟರೆ ನಾನು ಹೋದೆ. ತಲೆಯ ಹತ್ತಿರ ನಿಂತಿದ್ದ ನರ್ಸಮ್ಮ ಬಟ್ಟೆಯ ಕೆಳಗೆ ಕೈ ತೂರಿಸಿ ನನ್ನ ಬೆರಳು ಹಿಡಿದಳು.

"ನೀವ ಕಂಡಕ್ಟರ್ ಅಲ್ಲೇನ್ರೀ ಅಕ್ಕಾರ? ಖಾನಾಪುರದಿಂದ ಸ್ಟಾಪ್ ಹೇಳ್ಕೋತ ಬರ್ರಿ ನೋಡೂಣು."

ಪ್ರಭುನಗರ, ದೇಸೂರು, ಝಾಡಶಹಾಪುರ ಎಂದೆ. ಮಚ್ಛೆ ಎನ್ನುವಾಗ ಕಣ್ಣು ಮಸುಕಾಯಿತು. ಅವಳು ಬೆರಳನ್ನು ಗಟ್ಟಿಯಾಗಿ ಅಮುಕಿ, "ಮುಂದ?" ಎಂದಳು. ಪೀರನವಾಡಿ ಎಂದೆ. ತಂತಿ ಹೊಸ ಡಬ್ಬಿಗೆ ಸಿಕ್ಕಿರಬೇಕು, ಒಮ್ಮೆಗೇ ಎದೆಯಲ್ಲಿ ಹೊಸ ನೀರು ಬಂದ ಹಾಗಾಯಿತು, ಕತ್ತಿನ ನರಗಳ ಹಾರಾಟ ನಿಂತಿತು, ಉಸಿರು ಸರಾಗವಾಗಿ ಹೊಟ್ಟೆಯ ತನಕ ಇಳಿಯಿತು. ಬಟ್ಟೆಯ ಕೆಳಗೆ ನಾನು ಅತ್ತುಬಿಟ್ಟೆ. ನರ್ಸಮ್ಮ ಯಾರಿಗೂ ಹೇಳಲಿಲ್ಲ.

ಮನೆಗೆ ಬಂದ ವಾರದಲ್ಲಿ ನಮ್ಮವರು, "ಹೊಳಿ ತನಕ ನಡದ ಬರೂಣೇನು?" ಎಂದರು. ಮಲಪ್ರಭೆಯ ದಂಡೆಗೆ ಹೋಗಿ ನಿಂತೆವು. ದಮ್ಮು ಹತ್ತಲಿಲ್ಲ. ಅಲ್ಲಿಯೇ ಅವರಿಗೆ ಹೇಳಿದೆ, ಆಸ್ಪತ್ರೆಯವರ ಮೇಲೆ ಎಷ್ಟು ಸಿಟ್ಟಿದೆಯೋ ನಿಮ್ಮ ಮೇಲೂ ಅಷ್ಟೇ ಇದೆ, ನನ್ನ ಮೈ ಬಗ್ಗೆ ನಾನು ಹೇಳಿದ್ದನ್ನು ನೀವು ನಂಬಲಿಲ್ಲ ಎಂದು.

"ನನಗ ಬ್ಯಾಟರಿ ಅಷ್ಟ ಗೊತ್ತಿತ್ತು ರೇಣುಕಾ," ಎಂದರು. "ಗೊತ್ತಿದ್ದದ್ದನ್ನ ಮಾಡಿದೆ."

ನನ್ನ ಸಿಟ್ಟು ಪೂರ್ತಿ ಇಳಿಯಲಿಲ್ಲ. ಜೊತೆಗೇ ನಡೆದು ಮನೆಗೆ ಬಂದೆವು, ಅಂದು ಭಕ್ರಿ ನಾನೇ ಬಡಿದೆ.

ಹೊಸ ಡಬ್ಬಿಗೂ ಮೂರು ತಿಂಗಳಾಯಿತು. ತಂತಿ ಹಳೆಯದೇ ಆದ್ದರಿಂದ ಕರೆಂಟನ್ನು ಮೊದಲ ದಿನವೇ ಇಳಿಸಿದ್ದರು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಆದರೂ ಮಷಿನ್ ಇಟ್ಟು ಒಮ್ಮೆ ನೋಡಬೇಕಿತ್ತು. ಈ ಹೊತ್ತಿಗೆ ನಾನು ಡ್ಯೂಟಿಗೆ ಮರಳಿದ್ದೆ. ಅರ್ಧ ದಿನ ರಜೆ ಹಾಕಿ, ಯೂನಿಫಾರ್ಮ್ ಸೀರೆಯುಟ್ಟೇ ಆಸ್ಪತ್ರೆಗೆ ಹೋದೆ. ಕೌಂಟರಿನಲ್ಲಿದ್ದವಳು ತಲೆಯೆತ್ತದೆ ಹೇಳಿದಳು.

"ಮಷಿನ್ನಿನವ್ರು ಬಂದಿಲ್ರೀ. ಇಸಿಜಿ ತಗಸ್ರಿ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಸಾವಿನ ಬಾಗಿಲ ತನಕ ಹೋಗಿ ಬಂದಿದ್ದೆ, ಈ ಹಾಲಿನಲ್ಲಿ ಒಂದು ಕುರ್ಚಿಯೂ ಕದಲಿರಲಿಲ್ಲ. ನಾನು ಕೌಂಟರ್ ಬಿಟ್ಟು ಹಾಲಿನ ನಡುವೆ ಬಂದು ನಿಂತೆ. ತುಂಬಿದ ಬಸ್ಸಿನಲ್ಲಿ ಟಿಕೆಟ್ ಕೇಳುವ ದನಿಯಲ್ಲಿ ಕೂಗಿದೆ.

"ಯಾರ್ಯಾರ ಎದಿಯಾಗ ಪೇಸ್‌ಮೇಕರ್ ಐತಿ, ಕೈ ಎತ್ರಿ!"

ಜನ ಗಾಬರಿಯಾಗಿ ನೋಡಿದರು. ಆಮೇಲೆ ಒಂದು ಕೈ ಎದ್ದಿತು, ಇನ್ನೊಂದು, ಮೂಲೆಯಿಂದ ಮತ್ತೆರಡು. "ಮಷಿನ್ ಹಚ್ಚಿ ನೋಡಿದ್ದ ಯಾವಾಗ?" ಎಂದೆ. ಒಬ್ಬರ ಮುಖ ಒಬ್ಬರು ನೋಡಿದರು. ಮಷಿನ್ ಎಂದರೆ ಇಸಿಜಿಯೇ ಅಲ್ಲವೇ ಎಂದು ಒಬ್ಬರು ಕೇಳಿದರು. ಜಾಂಬೋಟಿ ಕಡೆಯ ಒಬ್ಬ ಮುದುಕಿ ಇಸಿಜಿ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು ಬಾಗಿಲ ತನಕ ಹೋಗಿದ್ದರು. ಕೈ ಹಿಡಿದು ನಿಲ್ಲಿಸಿದೆ. ಮರಾಠಿಯಲ್ಲಿ ಹೇಳಿದರು, ಚೆನ್ನಾಗಿದೆ ಎಂದಿದ್ದಾರೆ, ಸ್ವಲ್ಪ ಸುಸ್ತು ಅಷ್ಟೇ, ವಯಸ್ಸಾಯಿತಲ್ಲ, ಬಸ್ಸು ತಪ್ಪಿದರೆ ಸಂಜೆಯ ತನಕ ಬೇರೆ ಬಸ್ಸಿಲ್ಲ.

"ಬಸ್ಸಿನ ಕಾಳಜಿ ನನಗ ಬಿಡ್ರಿ," ಎಂದೆ ನಾನೂ ಮರಾಠಿಯಲ್ಲೇ. "ನೀವ ಹೋಗಬ್ಯಾಡ್ರಿ."

ಆ ದಿನ ನಾವು ಯಾರೂ ಹೋಗಲಿಲ್ಲ. ಸೆಕ್ಯೂರಿಟಿಯವನು ಬಂದ, ಹೋದ. ಸಣ್ಣ ಡಾಕ್ಟರು ಬಂದವನು ನನ್ನನ್ನು ನೋಡಿ ಹಾಗೆಯೇ ಹಿಂದೆ ಸರಿದ. ಯಾರೋ ಹುಬ್ಬಳ್ಳಿಗೆ ಫೋನು ಮಾಡಿದರು. ಬೇರೆ ಕಂಪನಿಯ ಡಬ್ಬಿಯವರಿಗೆ ತಾರೀಖು ಹೇಳಿ, ಅದನ್ನು ಚೀಟಿಯ ಮೇಲೆ ಬರೆದು ಸಹಿ ಹಾಕಿಕೊಟ್ಟರು. ಇಳಿಹೊತ್ತಿಗೆ ಟೈ ಕಟ್ಟಿದವನು ಬೆವರುತ್ತ ಮಷಿನ್ ಹೊತ್ತು ಬಂದ. ನನ್ನದನ್ನು ಮೊದಲು ನೋಡಲು ಹೊರಟವನಿಗೆ ಜಾಂಬೋಟಿಯ ಅಜ್ಜಿಯನ್ನು ತೋರಿಸಿದೆ. ಅವರದೂ ಅದೇ ಕಂಪನಿ.

ಅಜ್ಜಿಯ ಎದೆಯ ಮೇಲೆ ತಟ್ಟೆ ಇಟ್ಟು ಅವನು ಪರದೆ ನೋಡಿದ. ಎರಡನೆಯ ಸಲ ನೋಡಿದ. ಆಮೇಲೆ ಎದ್ದು ದೊಡ್ಡ ಡಾಕ್ಟರ ಕೋಣೆಗೆ ಹೋದ, ಮೇಡಂ ಎನ್ನುವುದನ್ನೂ ಮರೆತು. ಅಜ್ಜಿಯ ಬ್ಯಾಟರಿಯಲ್ಲಿ ಉಳಿದದ್ದು ಕೆಲವೇ ದಿನಗಳ ಮಾತು. ಅವರು ಊರಿಗೆ ಹೋಗಬೇಕಿದ್ದ ಚೀಲದೊಂದಿಗೇ ವಾರ್ಡಿಗೆ ಹೋದರು. ಗಾಲಿಕುರ್ಚಿಯಲ್ಲಿ ಕೂತು, ಏನಾಗುತ್ತಿದೆ ಎಂದು ತಿಳಿಯದೆ, ನನ್ನ ಸೀರೆಯ ಸೆರಗನ್ನು ಲಿಫ್ಟಿನ ಬಾಗಿಲ ತನಕ ಬಿಟ್ಟಿರಲಿಲ್ಲ.

ದೊಡ್ಡ ಡಾಕ್ಟರು ಕಾರಿಡಾರಿನಲ್ಲಿ ಸಿಕ್ಕರು. ನನ್ನ ಹೆಗಲ ಹತ್ತಿರ ಕೈ ತಂದು, ಮುಟ್ಟದೆ, ನಕ್ಕರು.

"ನೋಡ್ರಿ ರೇಣುಕಾ, ಎಲ್ಲಾ ಛಲೋ ಆತಲ್ಲ. ನೀವ ಇಷ್ಟ ಸಿಟ್ಟ ಮಾಡ್ಕೋಬಾರದು. ಹಾರ್ಟಿಗೆ ಒಳ್ಳೇದಲ್ಲ."

"ತಾನ ಛಲೋ ಆಗಲಿಲ್ರೀ ಸಾಹೇಬ್ರ," ಎಂದೆ. "ನಾ ಸಿಟ್ಟಾದೆ, ಅದಕ್ಕ ಆತು."